ಸಂದೇಹಕ್ಕೊಂದು ಅಂಚು: ಅನುವಾದ ತಂತ್ರಾಂಶದಲ್ಲಿ ಮರುಪರಿಶೀಲನೆಯ ಗುರುತು ಹಾಕುವ ಬಗೆ

ತೆಂಗು ಬೆಳೆಗಾರರಿಗಾಗಿ ಇಂಗ್ಲಿಷಿನಲ್ಲಿ ಸಿದ್ಧವಾದ ಕೈಪಿಡಿಯೊಂದನ್ನು ತುಮಕೂರಿನ ಅನುವಾದಕಿಯೊಬ್ಬರು ಕನ್ನಡಕ್ಕೆ ತರುತ್ತಿದ್ದಾರೆ ಎಂದುಕೊಳ್ಳೋಣ. ಕೇಂದ್ರ ಸರ್ಕಾರವು ಕೊಬ್ಬರಿಗೆ ಬೆಂಬಲ ಬೆಲೆಯನ್ನು ಘೋಷಿಸುವಾಗ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ: ಒಂದು ಬಾಲ್ ಕೊಪ್ರಾ, ಇನ್ನೊಂದು ಮಿಲ್ಲಿಂಗ್ ಕೊಪ್ರಾ. ಮೊದಲನೆಯದಕ್ಕೆ ಅವರು ಯೋಚಿಸಬೇಕಾಗಿಲ್ಲ. ತಿಪಟೂರಿನ ಮಾರುಕಟ್ಟೆಯನ್ನು ಒಮ್ಮೆ ಕಂಡವರಿಗೆಲ್ಲ ಅದು ಉಂಡೆ ಕೊಬ್ಬರಿ. ಎರಡನೆಯದರ ಮುಂದೆ ಅವರ ಕೈ ನಿಲ್ಲುತ್ತದೆ. ಗಿರಣಿ ಕೊಬ್ಬರಿ ಎಂದು ಬರೆದರೆ ಪದಕ್ಕೆ ಪದ ಕೂರುತ್ತದೆ, ಆದರೆ ಬೆಳೆಗಾರರು ಹಾಗೆನ್ನುತ್ತಾರೆಯೇ ಎಂಬುದು ಗೊತ್ತಿಲ್ಲ. ಹೋಳು ಕೊಬ್ಬರಿ ಎಂದರೆ ಅದು ಆಕಾರವನ್ನು ಹೇಳುತ್ತದೆಯೇ ಹೊರತು ಎಣ್ಣೆ ತೆಗೆಯಲು ಬಳಸುವ ಸರಕು ಎಂಬ ಮುಖ್ಯ ಸಂಗತಿಯನ್ನು ಹೇಳುವುದಿಲ್ಲ.

ರಾತ್ರಿ ಎಂಟು ಗಂಟೆಯಾಗಿದೆ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರನ್ನು ಬೆಳಿಗ್ಗೆ ಕೇಳಬಹುದು, ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕಚೇರಿಯ ವೇಳೆಯಲ್ಲಿ ವಿಚಾರಿಸಬಹುದು, ಆದರೆ ಇನ್ನೂ ನಾನೂರು ವಾಕ್ಯಗಳು ಉಳಿದಿರುವಾಗ ಒಂದು ಪದಕ್ಕಾಗಿ ಕೆಲಸವನ್ನು ನಿಲ್ಲಿಸಲಾಗದು. ಹಾಗೆಂದು ತೋಚಿದ್ದನ್ನು ಬರೆದು ಮುಂದೆ ಹೋದರೆ, ನಾಳೆ ಬೆಳಿಗ್ಗೆ ಅದೇ ವಾಕ್ಯವು ಉಳಿದ ವಾಕ್ಯಗಳಷ್ಟೇ ನಿಶ್ಚಿಂತೆಯ ಮುಖ ಹೊತ್ತು ನಿಂತಿರುತ್ತದೆ. ಸಂದೇಹ ಯಾವ ಪುಟದಲ್ಲಿ ಹುಟ್ಟಿತ್ತೆಂಬುದು ಬರೆದವರಿಗೇ ಮರೆತಿರುತ್ತದೆ. ಕಾಗದದ ಕಾಲದಲ್ಲಿ ಇದಕ್ಕೆ ಸರಳವಾದ ಉಪಾಯವಿತ್ತು. ಹಸ್ತಪ್ರತಿಯ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಒಂದು ಪ್ರಶ್ನೆಯ ಗುರುತು ಹಾಕಿ ಮುಂದುವರಿಯುತ್ತಿದ್ದರು. ಅಂಚಿನಲ್ಲಿದ್ದದ್ದು ಅಚ್ಚಾಗುವುದಿಲ್ಲ ಎಂಬುದು ಮೊಳೆ ಜೋಡಿಸುವವರಿಗೂ ತಿಳಿದಿತ್ತು. ಅನುವಾದ ನೆರವಿನ ತಂತ್ರಾಂಶದಲ್ಲಿ ಆ ಅಂಚು ಎಲ್ಲಿದೆ, ಅಲ್ಲಿ ಹಾಕಿದ ಗುರುತು ಯಾರಿಗೆ ಕಾಣುತ್ತದೆ, ಅದು ಎಷ್ಟು ದೂರ ಪ್ರಯಾಣ ಮಾಡುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಕೆಲಸ.

ಇಂಥ ತಂತ್ರಾಂಶಗಳನ್ನು ಬಳಸದವರಿಗಾಗಿ ಅವುಗಳ ನಡೆಯನ್ನು ಮೊದಲು ಹೇಳಬೇಕು. ಟ್ರಾಡೋಸ್, ಮೆಮೊಕ್ಯೂ, ವರ್ಡ್‌ಫಾಸ್ಟ್, ಉಚಿತವಾಗಿ ದೊರೆಯುವ ಒಮೆಗಾಟಿ, ಇವೆಲ್ಲವೂ ಮೂಲ ಕಡತವನ್ನು ಸಣ್ಣ ತುಂಡುಗಳಾಗಿ ಒಡೆಯುತ್ತವೆ. ಒಂದು ತುಂಡು ಬಹುಮಟ್ಟಿಗೆ ಒಂದು ವಾಕ್ಯ, ಒಂದು ಶೀರ್ಷಿಕೆ ಅಥವಾ ಕೋಷ್ಟಕದ ಒಂದು ಮನೆ. ಇದನ್ನು ಸೆಗ್ಮೆಂಟ್ ಎನ್ನುತ್ತಾರೆ. ಅನುವಾದಕರು ಒಂದೊಂದೇ ಸೆಗ್ಮೆಂಟಿಗೆ ಕನ್ನಡವನ್ನು ಬರೆದು ಅದನ್ನು ದೃಢೀಕರಿಸುತ್ತಾರೆ. ಟ್ರಾಡೋಸ್ ಮತ್ತು ಮೆಮೊಕ್ಯೂ ಎರಡರಲ್ಲೂ ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈ ಕೆಲಸ ಮುಗಿಯುತ್ತದೆ. ದೃಢೀಕರಿಸಿದ ಕ್ಷಣವೇ ಮೂಲ ವಾಕ್ಯವೂ ಅದರ ಕನ್ನಡವೂ ಜೋಡಿಯಾಗಿ ಒಂದು ಭಂಡಾರಕ್ಕೆ ಹೋಗಿ ಸೇರುತ್ತವೆ. ಆ ಭಂಡಾರವೇ ಟ್ರಾನ್ಸ್‌ಲೇಶನ್ ಮೆಮೊರಿ, ಅನುವಾದಕರ ಮಾತಿನಲ್ಲಿ ಟಿಎಂ. ಮುಂದೆ ಅದೇ ವಾಕ್ಯ ಇದೇ ಕಡತದಲ್ಲಾಗಲಿ, ಮುಂದಿನ ವರ್ಷದ ಕಡತದಲ್ಲಾಗಲಿ ಮತ್ತೆ ಬಂದರೆ ಹಳೆಯ ಅನುವಾದ ತಾನಾಗಿಯೇ ಎದ್ದು ಬರುತ್ತದೆ, ಪಕ್ಕದಲ್ಲಿ ನೂರಕ್ಕೆ ನೂರು ಹೊಂದಾಣಿಕೆ ಎಂಬ ಸಂಖ್ಯೆಯೂ ಕಾಣುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಆ ಸಂಖ್ಯೆಯು ಹೇಳುವುದು ಎರಡು ಇಂಗ್ಲಿಷ್ ವಾಕ್ಯಗಳು ಎಷ್ಟರಮಟ್ಟಿಗೆ ಒಂದೇ ಎಂಬುದನ್ನು ಮಾತ್ರ. ಕನ್ನಡವು ಎಷ್ಟರಮಟ್ಟಿಗೆ ಸರಿ ಎಂಬುದನ್ನಲ್ಲ. ರಾತ್ರಿ ಎಂಟಕ್ಕೆ ಅರೆಮನಸ್ಸಿನಿಂದ ಬರೆದು ದೃಢೀಕರಿಸಿದ ಗಿರಣಿ ಕೊಬ್ಬರಿ ಮುಂದಿನ ಅಧ್ಯಾಯದಲ್ಲಿ ನೂರರ ಹೊಂದಾಣಿಕೆಯಾಗಿ ಮರಳಿ ಬರುತ್ತದೆ, ಅದನ್ನು ಕಂಡ ಅದೇ ಅನುವಾದಕಿಗೆ ಯಾರೋ ಬಲ್ಲವರು ಮೊದಲೇ ತೀರ್ಮಾನಿಸಿದ ಪದವೆಂಬಂತೆ ತೋರುತ್ತದೆ. ಭಂಡಾರವನ್ನು ನಾಲ್ವರು ಹಂಚಿಕೊಂಡಿದ್ದರಂತೂ ಒಬ್ಬರ ಊಹೆ ಉಳಿದ ಮೂವರಿಗೆ ಆಧಾರವಾಗುತ್ತದೆ. ಆದ್ದರಿಂದ ಗುರುತು ಹಾಕುವುದು ನೆನಪಿನ ಅನುಕೂಲಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲ. ಸಂದೇಹವಿರುವ ವಾಕ್ಯವು ಸಂದೇಹವಿಲ್ಲದ ವಾಕ್ಯಗಳ ಸಾಲಿಗೆ ಸದ್ದಿಲ್ಲದೆ ಸೇರಿಕೊಳ್ಳದಂತೆ ತಡೆಯುವುದು ಅದರ ಮೊದಲ ಪ್ರಯೋಜನ.

ಹೊಸಬರು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ ಗುರುತನ್ನು ಅನುವಾದದ ಒಳಗೇ ಬರೆದುಬಿಡುವುದು. ನಾನೂ ಹಾಗೆಯೇ ಆರಂಭಿಸಿದವನು. ಹಲವು ವರ್ಷಗಳ ಹಿಂದೆ ತೆಂಗಿನ ರೋಗಗಳ ಕುರಿತ ಒಂದು ಮಡಿಕೆ ಪತ್ರವನ್ನು ಅನುವಾದಿಸುವಾಗ, ಬುಡ ಕೊಳೆಯುವ ರೋಗವೆಂದು ಬರೆದು, ನಮ್ಮ ಕಡೆ ಅದನ್ನೇ ಅಣಬೆ ರೋಗವೆನ್ನುತ್ತಾರಲ್ಲವೇ ಎಂಬ ಅನುಮಾನದಿಂದ ಆ ಪದದ ಮುಂದೆ ‘ನೋಡಬೇಕು’ ಎಂದು ಸೇರಿಸಿ ಮುಂದಕ್ಕೆ ಹೋದೆ. ಕಡತದಲ್ಲಿ ಅಂಥ ಆರು ‘ನೋಡಬೇಕು’ಗಳಿದ್ದವು, ಐದನ್ನು ಹುಡುಕಿ ತೆಗೆದೆ. ಆರನೆಯದು ಅಚ್ಚಾಗಿ ಬಂತು. ‘ಬುಡ ಕೊಳೆಯುವ ರೋಗ ನೋಡಬೇಕು’ ಎಂಬ ಶೀರ್ಷಿಕೆಯನ್ನು ಓದಿದ ಬೆಳೆಗಾರರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲವಂತೆ, ರೋಗವನ್ನು ನೋಡಿಕೊಳ್ಳಬೇಕು ಎಂಬ ಸಲಹೆಯೆಂದೇ ಅವರು ತಿಳಿದರು. ನಾಚಿಕೆ ನನ್ನ ಪಾಲಿಗೆ ಉಳಿಯಿತು. ತಪ್ಪು ಹುಡುಕುವುದರಲ್ಲಿ ಆಗಿರಲಿಲ್ಲ, ಗುರುತನ್ನು ಆರಿಸಿಕೊಳ್ಳುವುದರಲ್ಲೇ ಆಗಿತ್ತು: ಕನ್ನಡ ವಾಕ್ಯದಲ್ಲಿ ಸಹಜವಾಗಿ ಬರಬಹುದಾದ ಪದವನ್ನೇ ನಾನು ಗುರುತಾಗಿ ಬಳಸಿದ್ದೆ.

ಹಾಗಿದ್ದರೂ ಒಳಗುರುತನ್ನು ಸಂಪೂರ್ಣವಾಗಿ ತಳ್ಳಿಹಾಕಲು ಬರುವುದಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಅಕ್ಷರಶೈಲಿಯಲ್ಲಿ, ಯುನಿಕೋಡ್ (ಕಂಪ್ಯೂಟರುಗಳೆಲ್ಲ ಒಪ್ಪಿದ ಅಕ್ಷರಸಂಕೇತಗಳ ಪದ್ಧತಿ) ಅಲ್ಲದ ಸಂಕೇತಗಳಲ್ಲಿ ಸಿದ್ಧವಾದ ಕಡತಗಳು ಈಗಲೂ ಕೈಗೆ ಬರುತ್ತವೆ; ಅಂಥವನ್ನು ಅನುವಾದ ತಂತ್ರಾಂಶಕ್ಕೆ ಹಾಕಲಾಗದೆ ವರ್ಡ್‌ನಲ್ಲೇ ಕೆಲಸ ಮಾಡಬೇಕಾಗುತ್ತದೆ. ಯಾವ ತಂತ್ರಾಂಶದಲ್ಲೂ, ಯಾವ ಸಂಪಾದಕದಲ್ಲೂ ನಡೆಯುವ ಗುರುತು ಎಂದರೆ ಅಕ್ಷರಗಳ ಗುರುತೇ. ಅದನ್ನು ಬಳಸುವುದಾದರೆ ಮೂಲದಲ್ಲಾಗಲಿ ಅನುವಾದದಲ್ಲಾಗಲಿ ಎಂದೂ ಬರಲಾರದ ಜೋಡಣೆಯೊಂದನ್ನು ಆರಿಸಿಕೊಂಡು, ಅದೊಂದನ್ನೇ ಕೊನೆಯವರೆಗೆ ಬಳಸಬೇಕು. ಒಂದು ಕಡೆ ಮೂರು ಪ್ರಶ್ನಾರ್ಥಕ ಚಿಹ್ನೆ, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಚೌಕ ಆವರಣ ಎಂದಾದರೆ ಹುಡುಕುವಾಗ ಯಾವುದನ್ನು ಹುಡುಕಬೇಕೆಂಬುದೇ ತಿಳಿಯುವುದಿಲ್ಲ. ಶೇಕಡಾ ಚಿಹ್ನೆಯನ್ನೂ ಬಳ್ಳಿ ಆವರಣವನ್ನೂ ಮುಟ್ಟದಿರುವುದು ಒಳ್ಳೆಯದು. ಆ್ಯಪ್ ಮತ್ತು ತಂತ್ರಾಂಶಗಳ ವಾಕ್ಯಗಳಲ್ಲಿ ಅವು ಸಂಖ್ಯೆ ಅಥವಾ ಹೆಸರು ಬಂದು ಕೂರುವ ಜಾಗವನ್ನು ಸೂಚಿಸುತ್ತವೆ, ಆದ್ದರಿಂದ ಹೆಚ್ಚುವರಿಯಾಗಿ ಒಂದನ್ನು ಬರೆದರೆ ಆ್ಯಪ್ ಕೆಡಬಹುದು. ಇನ್‌ಸ್ಕ್ರಿಪ್ಟ್ ಕೀಲಿಮಣೆಯವರಿಗೆ ಇನ್ನೂ ಒಂದು ಪೇಚು ಇದೆ. ಆ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ಅಂಕಿಗಳ ಸಾಲನ್ನು ಒತ್ತಿದರೆ ಜ್ಞ, ತ್ರ, ಕ್ಷ, ಶ್ರ ಮುಂತಾದ ಒತ್ತಕ್ಷರಗಳು ಬರುತ್ತವೆಯೇ ಹೊರತು ಅಲ್ಲಿನ ಹೆಚ್ಚಿನ ಚಿಹ್ನೆಗಳು ಬರುವುದಿಲ್ಲ, ಹಾಗಾಗಿ ಅಂಥ ಪ್ರತಿ ಗುರುತಿಗೂ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಬೇಕಾಗುತ್ತದೆ. ಕನ್ನಡ ವಿನ್ಯಾಸದಲ್ಲೇ ಸಿಗುವ ಗುರುತೊಂದನ್ನು ಮೊದಲೇ ಪರೀಕ್ಷಿಸಿ ಇಟ್ಟುಕೊಂಡರೆ ಕೈ ತಡೆಯುವುದಿಲ್ಲ.

ಗುರುತಾಗಿ ಕನ್ನಡ ಪದವನ್ನು ಬಳಸಬಾರದೆನ್ನಲು ಎರಡನೆಯ ಕಾರಣವೂ ಇದೆ, ಅದು ಯುನಿಕೋಡಿಗೆ ಸಂಬಂಧಿಸಿದ್ದು. ಕಣ್ಣಿಗೆ ಒಂದೇ ಆಗಿ ಕಾಣುವ ಕನ್ನಡ ಪದ ಕಂಪ್ಯೂಟರಿನ ಒಳಗೆ ಎರಡು ರೀತಿಯಲ್ಲಿ ಇರಬಹುದು. ‘ನೀರು’ ಎಂಬಲ್ಲಿನ ನೀ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನವೆಂದು ಸಾರಿದ್ದರೂ ಎಲ್ಲ ಹುಡುಕಾಟದ ಪೆಟ್ಟಿಗೆಗಳೂ ಆ ಸಮಾನತೆಯನ್ನು ಪಾಲಿಸುವುದಿಲ್ಲ. ಅದೇ ರೀತಿ ‘ಫಿಲ್ಟರ್’ ಎಂಬ ಪದದ ಕೊನೆಯ ಅರ್ಧಾಕ್ಷರದ ನಂತರ ಕೆಲವು ಕೀಲಿಮಣೆಗಳು ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಅಗಲವೇ ಇಲ್ಲದ ಸಂಕೇತವೊಂದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಒಬ್ಬರು ಹಾಕಿದ ಕನ್ನಡ ಗುರುತನ್ನು ಇನ್ನೊಬ್ಬರು ತಮ್ಮ ಕೀಲಿಮಣೆಯಲ್ಲಿ ಟೈಪಿಸಿ ಹುಡುಕಿದಾಗ ‘ಏನೂ ಸಿಗಲಿಲ್ಲ’ ಎಂಬ ಉತ್ತರ ಬಂದರೆ, ಗುರುತುಗಳೆಲ್ಲ ತೀರಿದವು ಎಂದು ನಂಬಿ ಕಡತವನ್ನು ಕಳುಹಿಸಿಬಿಡುವ ಅಪಾಯವಿದೆ. ಚಿಹ್ನೆಗಳಿಗೆ ಈ ಇಬ್ಬಗೆ ಇಲ್ಲ.

ಇನ್ನು ತಂತ್ರಾಂಶವೇ ಒದಗಿಸುವ ನಿಜವಾದ ಅಂಚಿಗೆ ಬರೋಣ. ಅದರ ಮೊದಲನೆಯ ರೂಪ ಸೆಗ್ಮೆಂಟಿನ ಸ್ಥಿತಿ. ಟ್ರಾಡೋಸ್‌ನಲ್ಲಿ ಅನುವಾದವಾಗದ ಸೆಗ್ಮೆಂಟಿಗೆ ಒಂದು ಸ್ಥಿತಿ, ಬರೆಯಲು ತೊಡಗಿದೊಡನೆ ಕರಡು ಎಂಬ ಸ್ಥಿತಿ, ದೃಢೀಕರಿಸಿದ ಮೇಲೆ ಅನುವಾದಿತ ಎಂಬ ಸ್ಥಿತಿ ಬರುತ್ತದೆ. ಅದರ ಮೇಲೆ ಪರಿಶೀಲಕರು ಒಪ್ಪಿದ್ದು ಅಥವಾ ತಿರಸ್ಕರಿಸಿದ್ದು, ಕೊನೆಯ ಸಹಿ ಬಿದ್ದದ್ದು ಅಥವಾ ನಿರಾಕರಣೆಯಾದದ್ದು ಎಂಬ ನಾಲ್ಕು ಸ್ಥಿತಿಗಳಿವೆ. ಮೆಮೊಕ್ಯೂ ಕೂಡ ಅನುವಾದಕರ ದೃಢೀಕರಣವನ್ನೂ ಇಬ್ಬರು ಪರಿಶೀಲಕರ ದೃಢೀಕರಣಗಳನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಹಾಗಾದರೆ ಸಂದೇಹವಿರುವ ವಾಕ್ಯವನ್ನು ದೃಢೀಕರಿಸದೆ ಕರಡಾಗಿಯೇ ಬಿಟ್ಟು ಮುಂದೆ ಹೋದರೆ ಸಾಕಲ್ಲವೇ ಎಂದು ಕೇಳಬಹುದು. ಬಹುಮಟ್ಟಿಗೆ ಸಾಕು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸವೂ ಇದೇ: ನಂಬಿಕೆಯಿಲ್ಲದ ವಾಕ್ಯಕ್ಕೆ ಕಂಟ್ರೋಲ್ ಎಂಟರ್ ಒತ್ತಬಾರದು. ಕರಡು ಭಂಡಾರಕ್ಕೆ ಹೋಗುವುದಿಲ್ಲ, ಮತ್ತು ಕರಡುಗಳನ್ನು ಮಾತ್ರ ತೋರಿಸು ಎಂದು ಫಿಲ್ಟರ್ ಹಾಕಿದರೆ ಅವೆಲ್ಲ ಒಂದೇ ಪಟ್ಟಿಯಾಗಿ ಎದುರಿಗೆ ಬರುತ್ತವೆ. ಮೆಮೊಕ್ಯೂನಲ್ಲಿ ಭಂಡಾರಕ್ಕೆ ಸೇರಿಸದೆಯೇ ದೃಢೀಕರಿಸುವ ಆಜ್ಞೆಯೊಂದು ಪ್ರತ್ಯೇಕವಾಗಿ ಇದೆ. ವಾಕ್ಯ ಈ ಕಡತಕ್ಕೆ ಸರಿ, ಆದರೆ ಬೇರೆಡೆ ಮರುಬಳಕೆಯಾಗುವುದು ಬೇಡ ಎಂದೆನಿಸಿದಾಗ ಅದು ಉಪಯೋಗಕ್ಕೆ ಬರುತ್ತದೆ.

ಸ್ಥಿತಿಯ ಮಿತಿಯೆಂದರೆ ಅದಕ್ಕೆ ಮಾತಿಲ್ಲ. ಇಲ್ಲಿ ಏನೋ ಬಾಕಿಯಿದೆ ಎನ್ನುತ್ತದೆ, ಏನು ಬಾಕಿ ಎನ್ನುವುದಿಲ್ಲ. ಪದ ಸಿಗದೆ ಬಿಟ್ಟದ್ದೂ ಕರಡೇ, ವಿದ್ಯುತ್ ಹೋದದ್ದರಿಂದ ಅರ್ಧಕ್ಕೆ ನಿಂತದ್ದೂ ಕರಡೇ. ಈ ಕೊರತೆಯನ್ನು ತುಂಬುವುದು ಟಿಪ್ಪಣಿ. ಟ್ರಾಡೋಸ್‌ನಲ್ಲಿ ಟಿಪ್ಪಣಿಯನ್ನು ಇಡೀ ಕಡತಕ್ಕೂ ಅಂಟಿಸಬಹುದು, ಒಂದು ಸೆಗ್ಮೆಂಟಿಗೂ ಅಂಟಿಸಬಹುದು, ವಾಕ್ಯದೊಳಗೆ ಆಯ್ದ ಒಂದೆರಡು ಪದಗಳಿಗೆ ಮಾತ್ರವೂ ಅಂಟಿಸಬಹುದು. ಜೊತೆಗೆ ಅದು ಬರಿಯ ಮಾಹಿತಿಯೋ, ಎಚ್ಚರಿಕೆಯೋ, ತಪ್ಪೋ ಎಂಬ ಮೂರು ಹಂತಗಳ ತೂಕವನ್ನೂ ಕೊಡಬಹುದು. ಮೂವತ್ತು ಪದಗಳ ಉದ್ದನೆಯ ವಾಕ್ಯದಲ್ಲಿ ಸಂದೇಹ ಇರುವುದು ಒಂದೇ ಪದದ ಮೇಲಾದರೆ ಟಿಪ್ಪಣಿಯನ್ನು ಆ ಪದಕ್ಕೇ ಅಂಟಿಸುವುದು ಪರಿಶೀಲಕರ ಕಣ್ಣಿಗೆ ಮಾಡುವ ಉಪಕಾರ.

ಒಮೆಗಾಟಿಯ ನಡೆ ಇವೆರಡಕ್ಕಿಂತ ಭಿನ್ನವಾದುದರಿಂದ ಅದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಪರವಾನಗಿಯ ಹಣ ತೆರಲಾಗದೆ ಅನುವಾದವನ್ನು ಕಲಿಯುವವರು ಸುಲಭವಾಗಿ ಆರಂಭಿಸಬಹುದಾದ ಸಾಧನ ಅದೇ. ಅದರಲ್ಲಿ ಕರಡು ಮತ್ತು ಅನುವಾದಿತ ಎಂಬ ಭೇದವಿಲ್ಲ. ಒಂದು ಸೆಗ್ಮೆಂಟಿನಲ್ಲಿ ಏನನ್ನಾದರೂ ಬರೆದು ಮುಂದಿನದಕ್ಕೆ ಹೋದರೆ ಅದು ಯೋಜನೆಯ ಭಂಡಾರಕ್ಕೆ ಸೇರಿತೆಂದೇ ಲೆಕ್ಕ. ಬರೆಯದೆ ಬಿಟ್ಟರೆ ಸಿದ್ಧವಾದ ಕಡತದಲ್ಲಿ ಆ ಜಾಗಕ್ಕೆ ಮೂಲದ ಇಂಗ್ಲಿಷ್ ವಾಕ್ಯವೇ ಬಂದು ಕೂರುತ್ತದೆ. ಇದಕ್ಕೆ ಪರಿಹಾರವಾಗಿ ನೋಟ್ಸ್ ಎಂಬ ಚೌಕವೊಂದಿದೆ. ಅಲ್ಲಿ ಬರೆದ ಮಾತು ಆ ಸೆಗ್ಮೆಂಟಿಗೆ ಅಂಟಿಕೊಂಡು ಯೋಜನೆಯ ಭಂಡಾರದ ಕಡತದಲ್ಲೇ ಉಳಿಯುತ್ತದೆ, ಅನುವಾದದ ಒಳಗೆ ಮಾತ್ರ ಬರುವುದಿಲ್ಲ. ಟಿಪ್ಪಣಿಯಿರುವ ಸೆಗ್ಮೆಂಟುಗಳಿಗೆ ಬಣ್ಣ ಬರುವಂತೆ ಮಾಡಿಕೊಳ್ಳಬಹುದು, ಒಂದು ಟಿಪ್ಪಣಿಯಿಂದ ಮುಂದಿನ ಟಿಪ್ಪಣಿಗೆ ನೆಗೆಯುವ ಆಜ್ಞೆಯಿದೆ, ಹುಡುಕಾಟದಲ್ಲಿ ಟಿಪ್ಪಣಿಗಳನ್ನೂ ಸೇರಿಸಿಕೊಳ್ಳಬಹುದು. ಸ್ಥಿತಿಯೆಂಬುದು ಇಲ್ಲದಿದ್ದರೂ ಪ್ರತಿ ಟಿಪ್ಪಣಿಯ ಮೊದಲಿಗೆ ‘ಬಾಕಿ’ ಎಂಬಂಥ ಒಂದೇ ಪದವನ್ನು ಬರೆದು, ಸಂದೇಹ ತೀರಿದ ಮೇಲೆ ಅದನ್ನು ‘ಮುಗಿದಿದೆ’ ಎಂದು ತಿದ್ದಿಕೊಂಡರೆ ಸ್ಥಿತಿಯ ಕೆಲಸವೂ ನಡೆಯುತ್ತದೆ. ಇಲ್ಲಿ ಕನ್ನಡ ಪದವನ್ನು ಬಳಸಿದರೆ ಅಡ್ಡಿಯಿಲ್ಲ. ಬರೆಯುವವರೂ ಹುಡುಕುವವರೂ ಒಬ್ಬರೇ, ಕೀಲಿಮಣೆಯೂ ಒಂದೇ, ಮೇಲಾಗಿ ಕಣ್ತಪ್ಪಿ ಉಳಿದರೂ ಅದು ಅಚ್ಚಿಗೆ ಹೋಗುವುದಿಲ್ಲ.

ಒಂದೇ ಮೂಲವಾಕ್ಯ ಹಲವು ಕಡೆ ಬಂದಾಗ ಗುರುತಿನ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹನಿ ನೀರಾವರಿಯ ನಿಯಂತ್ರಣ ಪೆಟ್ಟಿಗೆಯ ಪರದೆಯೊಂದನ್ನು ಅನುವಾದಿಸುತ್ತಿದ್ದೇವೆ ಎಂದುಕೊಳ್ಳಿ. ಅಲ್ಲಿ ಓಪನ್ ಎಂಬ ಒಂಟಿ ಪದ ಐದು ಕಡೆ ಬರುತ್ತದೆ. ಗುಂಡಿಯ ಮೇಲಿದ್ದರೆ ಅದು ‘ತೆರೆಯಿರಿ’ ಎಂಬ ಆಜ್ಞೆ. ವಾಲ್ವಿನ ಚಿತ್ರದ ಕೆಳಗಿದ್ದರೆ ‘ತೆರೆದಿದೆ’ ಎಂಬ ವರದಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ ಸಾಲುತ್ತದೆ, ಕನ್ನಡದ ಕ್ರಿಯಾಪದ ಅದಕ್ಕೆ ಒಪ್ಪುವುದಿಲ್ಲ. ತಂತ್ರಾಂಶವಾದರೋ ಮೊದಲನೆಯದನ್ನು ದೃಢೀಕರಿಸಿದೊಡನೆ ಉಳಿದ ನಾಲ್ಕನ್ನೂ ಅದೇ ಅನುವಾದದಿಂದ ತುಂಬಿಬಿಡುತ್ತದೆ. ಮೊದಲನೆಯದರ ಮೇಲೆ ನೀವು ಬರೆದ ಟಿಪ್ಪಣಿ ಅಲ್ಲಿಯೇ ಉಳಿಯುತ್ತದೆ, ಉಳಿದ ನಾಲ್ಕಕ್ಕೆ ಅನುವಾದ ಮಾತ್ರ ಹರಡುತ್ತದೆ. ಇಂಥ ಒಂಟಿ ಪದಗಳನ್ನು ಕಂಡಾಗ ಆ ಕಡತದ ಮಟ್ಟಿಗೆ ತಾನಾಗಿ ತುಂಬುವ ಏರ್ಪಾಡನ್ನು ನಿಲ್ಲಿಸುವುದು ಲೇಸು. ಒಮೆಗಾಟಿಯಲ್ಲಿ ಒಂದೇ ಮೂಲಕ್ಕೆ ಒಂದು ನಿರ್ದಿಷ್ಟ ಜಾಗದಲ್ಲಿ ಬೇರೆ ಅನುವಾದವನ್ನು ಕೊಡುವ ಅವಕಾಶವಿದೆ, ಸಂದರ್ಭ ಖಚಿತವಾದ ಮೇಲೆ ಅದನ್ನು ಬಳಸಬಹುದು.

ಮುಕ್ತ ತಂತ್ರಾಂಶಗಳ ಲೋಕದಲ್ಲಿ ಸಂದೇಹದ ಗುರುತು ಹಾಕುವ ಸಮಸ್ಯೆಯನ್ನು ಬಹಳ ಹಿಂದೆಯೇ ಒಂದು ಪದದಿಂದ ಬಗೆಹರಿಸಿದ್ದಾರೆ. ಗ್ನೋಮ್, ಕೆಡಿಇ ಮುಂತಾದ ಯೋಜನೆಗಳ ಕನ್ನಡ ಅನುವಾದ ನಡೆಯುವುದು ಪಿಒ ಎಂಬ ಬಗೆಯ ಕಡತಗಳಲ್ಲಿ. ಅವು ಗ್ನೂ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಗೆ ಸೇರಿದ ಸಾದಾ ಪಠ್ಯದ ಕಡತಗಳು. ಪ್ರತಿ ನಮೂದಿನ ಮೇಲೆ ಫಝಿ ಎಂಬ ಗುರುತನ್ನು ಹಾಕಬಹುದು, ಎಂದರೆ ಇದು ಮಸುಕಾಗಿದೆ, ಯಾರಾದರೂ ನೋಡಬೇಕು ಎಂದರ್ಥ. ಕಡತವನ್ನು ಕಂಪ್ಯೂಟರಿಗೆ ಬೇಕಾದ ರೂಪಕ್ಕೆ ಪರಿವರ್ತಿಸುವಾಗ, ಬೇರೆ ಸೂಚನೆ ಕೊಡದ ಹೊರತು, ಫಝಿ ಗುರುತಿನ ಅನುವಾದಗಳನ್ನು ಬಿಟ್ಟೇ ಬಿಡಲಾಗುತ್ತದೆ. ಬಳಕೆದಾರರಿಗೆ ಅಲ್ಲಿ ಮೂಲ ಇಂಗ್ಲಿಷ್ ಕಾಣುತ್ತದೆ. ಸಂದೇಹವಿರುವ ಕನ್ನಡಕ್ಕಿಂತ ಸಂದೇಹವಿಲ್ಲದ ಇಂಗ್ಲಿಷ್ ವಾಸಿ ಎಂಬ ನಿಲುವು ಇದರ ಹಿಂದೆ ಇದೆ. ಮುದ್ರಣದ ಕೆಲಸದಲ್ಲಿ ಈ ನಿಲುವು ನಡೆಯುವುದಿಲ್ಲ. ರೈತರ ಕೈಪಿಡಿಯ ನಡುವೆ ಇಂಗ್ಲಿಷ್ ವಾಕ್ಯ ಉಳಿದರೆ ಅದು ಉತ್ತರವೇ ಅಲ್ಲ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಫಝಿ ಗುರುತನ್ನು ಮನುಷ್ಯರು ಮಾತ್ರ ಹಾಕುವುದಿಲ್ಲ. ಮೂಲ ವಾಕ್ಯ ಸ್ವಲ್ಪ ಬದಲಾದಾಗ ಹಳೆಯ ಅನುವಾದವನ್ನು ಹೊಂದಿಸುವ ಯಂತ್ರವೂ ಅದನ್ನೇ ಹಾಕುತ್ತದೆ. ಹೀಗಾಗಿ ಯಂತ್ರದ ಊಹೆಯೂ ಮನುಷ್ಯನ ಅನುಮಾನವೂ ಒಂದೇ ಹೆಸರಿನಲ್ಲಿ ಬೆರೆತುಹೋಗುತ್ತವೆ, ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿಯಿದ್ದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ.

ಗುರುತು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಏನಾಗುತ್ತದೆ ಎಂಬುದನ್ನು ಅರಿಯದೆ ಹಲವರು ಮೋಸ ಹೋಗಿದ್ದಾರೆ. ತಂತ್ರಾಂಶಗಳ ನಡುವೆ ಅನುವಾದದ ಕಡತಗಳನ್ನು ಸಾಗಿಸಲು ಎಕ್ಸ್‌ಲಿಫ್ ಎಂಬ ಮಾನಕವಿದೆ. 2008ರಲ್ಲಿ ಮಾನ್ಯವಾದ ಅದರ 1.2ನೆಯ ಆವೃತ್ತಿಯಲ್ಲಿ ಸ್ಥಿತಿಗಳ ಪಟ್ಟಿ ಉದ್ದವಾಗಿತ್ತು. ಅನುವಾದವನ್ನು ಪರಿಶೀಲಿಸಬೇಕು, ಸ್ಥಳೀಕರಣವನ್ನು (ಸ್ಥಳೀಯ ಬಳಕೆಗೆ ಒಗ್ಗಿಸಿದ್ದನ್ನು) ಪರಿಶೀಲಿಸಬೇಕು, ಅಳವಡಿಕೆಯನ್ನು ಪರಿಶೀಲಿಸಬೇಕು ಎಂಬ ಭೇದಗಳೂ ಇದ್ದವು. 2014ರ 2.0 ಆವೃತ್ತಿ ಅದನ್ನು ನಾಲ್ಕಕ್ಕೆ ಇಳಿಸಿತು: ಆರಂಭದ್ದು, ಅನುವಾದಿತ, ಪರಿಶೀಲಿತ, ಅಂತಿಮ. ಹೆಚ್ಚಿನ ಭೇದ ಬೇಕಾದವರು ಉಪಸ್ಥಿತಿಯನ್ನು ತಾವೇ ಸೇರಿಸಿಕೊಳ್ಳಬಹುದು. ವಾಕ್ಯದೊಳಗಿನ ಆಯ್ದ ಭಾಗಕ್ಕೆ ಟಿಪ್ಪಣಿಯನ್ನು ಅಂಟಿಸುವ ವ್ಯವಸ್ಥೆಯೂ ಈ ಮಾನಕದಲ್ಲಿದೆ. ಹಾಗಿದ್ದರೂ ಪ್ರತಿ ತಂತ್ರಾಂಶ ತನ್ನ ಟಿಪ್ಪಣಿಗಳನ್ನು ತನ್ನದೇ ವಿಸ್ತರಣೆಯಲ್ಲಿ ಇಡುವುದರಿಂದ, ಒಂದರಲ್ಲಿ ಹಾಕಿದ ಟಿಪ್ಪಣಿ ಇನ್ನೊಂದರಲ್ಲಿ ಕಾಣುತ್ತದೆ ಎಂಬ ಭರವಸೆಯಿಲ್ಲ. ಭಂಡಾರಗಳನ್ನು ಸಾಗಿಸುವ ಟಿಎಂಎಕ್ಸ್ ಎಂಬ ಮಾನಕದಲ್ಲಂತೂ ಟಿಪ್ಪಣಿಗೆ ಜಾಗವಿದೆ, ಸ್ಥಿತಿಗೆ ನಿಗದಿತವಾದ ಜಾಗವೇ ಇಲ್ಲ. ಭಂಡಾರವನ್ನು ಹೊರತೆಗೆದು ಇನ್ನೊಬ್ಬರಿಗೆ ಕೊಟ್ಟಾಗ ವಾಕ್ಯ ಉಳಿಯುತ್ತದೆ, ಸಂದೇಹ ಉದುರಿಹೋಗುತ್ತದೆ. ಇಬ್ಬರು ಬೇರೆ ಬೇರೆ ತಂತ್ರಾಂಶಗಳಲ್ಲಿ ಕೆಲಸ ಮಾಡುವುದಾದರೆ ಮೂರು ವಾಕ್ಯಗಳ ಪುಟ್ಟ ಕಡತವೊಂದನ್ನು ಗುರುತು ಹಾಕಿ ಕಳುಹಿಸಿ, ಆ ಕಡೆ ಏನು ಕಾಣುತ್ತದೆಂದು ಕೇಳಿ ತಿಳಿದುಕೊಂಡೇ ಕೆಲಸ ಆರಂಭಿಸಬೇಕು. ಕಾಣದಿದ್ದರೆ ಸೆಗ್ಮೆಂಟ್ ಸಂಖ್ಯೆ, ಮೂಲ ವಾಕ್ಯ, ಪ್ರಶ್ನೆ, ಉತ್ತರ ಎಂಬ ನಾಲ್ಕು ಕಂಬಗಳ ಎಕ್ಸೆಲ್ ಹಾಳೆಯೇ ಗತಿ. ನೋಡಲು ಹಳೆಯ ಪದ್ಧತಿ ಎನಿಸಿದರೂ ಅದು ಇಲ್ಲಿಯವರೆಗೆ ಯಾರಿಗೂ ಕೈಕೊಟ್ಟದ್ದನ್ನು ನಾನು ಕಂಡಿಲ್ಲ.

ಟಿಪ್ಪಣಿಯಲ್ಲಿ ಏನನ್ನು ಬರೆಯಬೇಕು ಎಂಬುದು ತಂತ್ರಾಂಶದ ವಿಷಯವಲ್ಲದಿದ್ದರೂ ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಉಳಿಸುವುದು ಅದೇ. ‘ಸರಿಯೇ?’ ಎಂಬ ಟಿಪ್ಪಣಿಯಿಂದ ಪರಿಶೀಲಕರಿಗೆ ಏನೂ ತಿಳಿಯುವುದಿಲ್ಲ. ಅವರು ಇಡೀ ವಾಕ್ಯವನ್ನು ಮೊದಲಿನಿಂದ ಅನುಮಾನಿಸಬೇಕಾಗುತ್ತದೆ. ನಾಲ್ಕು ದಿನಗಳ ನಂತರ ಬರೆದವರಿಗೂ ಅದು ಒಗಟೇ. ಅದರ ಬದಲು ‘ಮಿಲ್ಲಿಂಗ್ ಕೊಪ್ರಾ: ಗಿರಣಿ ಕೊಬ್ಬರಿ ಎಂದು ಸದ್ಯಕ್ಕೆ ಬರೆದಿದ್ದೇನೆ. ಹೋಳು ಕೊಬ್ಬರಿ ಆಕಾರವನ್ನಷ್ಟೇ ಹೇಳುತ್ತದೆ. ತಿಪಟೂರು ವರ್ತಕರನ್ನು ಕೇಳಬೇಕು. ಮುಂದೆ ಒಂಬತ್ತು ಕಡೆ ಬರುತ್ತದೆ’ ಎಂದು ಬರೆದರೆ ಪದ ಯಾವುದು, ಯೋಚಿಸಿದ ಬದಲಿ ಯಾವುದು, ಅದನ್ನು ಏಕೆ ಬಿಟ್ಟದ್ದು, ಯಾರನ್ನು ಕೇಳಬೇಕು, ತಿದ್ದಿದರೆ ಎಷ್ಟು ಕಡೆ ತಿದ್ದಬೇಕು ಎಂಬುದೆಲ್ಲ ಒಂದೆಡೆ ಸಿಗುತ್ತದೆ. ಬರೆಯಲು ಅರ್ಧ ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೆ.

ಸಂದೇಹಗಳೆಲ್ಲ ಒಂದೇ ಜಾತಿಯವಲ್ಲ, ಆದ್ದರಿಂದ ಅವು ಒಬ್ಬರ ಬಳಿಗೇ ಹೋಗುವುದಿಲ್ಲ. ತೆಂಗಿನ ನುಸಿ ಎಂದರೆ ಸಾಕೋ, ನುಸಿ ಪೀಡೆ ಎನ್ನಬೇಕೋ ಎಂಬುದು ಪದದ ಪ್ರಶ್ನೆ. ಅದನ್ನು ಬೆಳೆಗಾರರೋ ತೋಟಗಾರಿಕೆಯವರೋ ಬಗೆಹರಿಸುತ್ತಾರೆ. ಓದುಗರನ್ನು ‘ನೀವು’ ಎಂದು ನೇರವಾಗಿ ಕರೆಯಬೇಕೋ, ‘ಬೆಳೆಗಾರರು ಹೀಗೆ ಮಾಡಬೇಕು’ ಎಂದು ಹೇಳಬೇಕೋ ಎಂಬುದು ಇಡೀ ಕಡತದ ಧಾಟಿಯ ಪ್ರಶ್ನೆಯಾದುದರಿಂದ ಅದನ್ನು ಸೆಗ್ಮೆಂಟಿಗೆ ಅಂಟಿಸದೆ ಕಡತದ ಟಿಪ್ಪಣಿಯಾಗಿಸುವುದು ಸರಿ. ಮೂಲವೇ ತಪ್ಪಿದೆಯೆಂಬ ಅನುಮಾನ ಇವೆಲ್ಲಕ್ಕಿಂತ ಬೇರೆ. ಒಂದು ಪುಟದಲ್ಲಿ ಮರವೊಂದಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರವೆಂದೂ ಇನ್ನೊಂದು ಪುಟದಲ್ಲಿ 5 ಕಿಲೋ ಎಂದೂ ಇದ್ದರೆ, ಸರಿ ಯಾವುದೆಂದು ಅನುವಾದಕರಿಗೆ ಗೊತ್ತಿದ್ದರೂ ತಾವಾಗಿ ತಿದ್ದಿ ಸುಮ್ಮನಾಗಬಾರದು. ಮೂಲದಲ್ಲಿರುವಂತೆ ಬರೆದು, ಎರಡೂ ಪುಟಗಳನ್ನು ಉಲ್ಲೇಖಿಸಿ, ಕೆಲಸ ಕೊಟ್ಟವರಿಗೆ ಪ್ರಶ್ನೆಯಾಗಿ ಕಳುಹಿಸಬೇಕು. ಇಂಗ್ಲಿಷ್ ಪ್ರತಿಯೂ ತಿದ್ದುಪಡಿಯಾಗಬೇಕಲ್ಲವೇ.

ಅನುವಾದ ಸೇವೆಗಳ ಕುರಿತ ಐಎಸ್ಒ 17100 ಎಂಬ ಅಂತರರಾಷ್ಟ್ರೀಯ ಮಾನಕ 2015ರಲ್ಲಿ ಹೊರಬಂತು. ಅನುವಾದಕರು ತಮ್ಮ ಕೆಲಸವನ್ನು ತಾವೇ ಒಮ್ಮೆ ನೋಡಬೇಕು, ಆ ಬಳಿಕ ಎರಡನೆಯ ವ್ಯಕ್ತಿಯೊಬ್ಬರು ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು ಎಂದು ಅದು ವಿಧಿಸುತ್ತದೆ. ಎರಡು ಹಂತಗಳಿಗೂ ಗುರುತು ಬೇಕು, ಆದರೆ ಒಂದೇ ಗುರುತಲ್ಲ. ತಮ್ಮ ಮೊದಲ ನೋಟದಲ್ಲೇ ತೀರಿಸಬಹುದಾದ ಸಣ್ಣ ಅನುಮಾನಗಳನ್ನು ಅನುವಾದಕರು ಸ್ಥಿತಿಯ ಮೂಲಕ ಗುರುತಿಸಿಕೊಂಡು ತೀರಿಸಿಬಿಡಬೇಕು. ತಮ್ಮಿಂದ ತೀರದೆ ಉಳಿದವು ಮಾತ್ರ ಟಿಪ್ಪಣಿಗಳಾಗಿ ಎರಡನೆಯವರ ಕೈಗೆ ಹೋಗಬೇಕು. ನೂರು ಸೆಗ್ಮೆಂಟುಗಳಲ್ಲಿ ನಲವತ್ತಕ್ಕೆ ಟಿಪ್ಪಣಿಯಿರುವ ಕಡತ ಬಂದರೆ ಪರಿಶೀಲಕರು ಹತ್ತನೆಯದರಿಂದಾಚೆಗೆ ಓದುವುದನ್ನೇ ಬಿಡುತ್ತಾರೆ. ನಿಘಂಟನ್ನು ತೆರೆದರೆ ಎರಡು ನಿಮಿಷಗಳಲ್ಲಿ ಬಗೆಹರಿಯುವುದಕ್ಕೆ ಗುರುತು ಹಾಕುವುದು ಎಚ್ಚರವಲ್ಲ, ಸೋಮಾರಿತನ. ಹೀಗೆಂದರೆ ನನ್ನ ಜೊತೆ ಕೆಲಸ ಮಾಡುವ ಕಿರಿಯರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ.

ಯಂತ್ರಾನುವಾದವನ್ನು ತಿದ್ದುವ ಕೆಲಸ ಹೆಚ್ಚಾಗುತ್ತಿರುವ ಈ ಹೊತ್ತಿನಲ್ಲಿ ಇನ್ನೊಂದು ಮಾತು. ಯಂತ್ರ ಕೊಟ್ಟ ಕನ್ನಡದಲ್ಲಿ ಸಂದೇಹದ ಸುಳಿವೇ ಇರುವುದಿಲ್ಲ. ತಿಳಿದದ್ದನ್ನೂ ತಿಳಿಯದ್ದನ್ನೂ ಅದು ಒಂದೇ ನಯದಿಂದ ಬರೆಯುತ್ತದೆ. ಮನುಷ್ಯರ ಕರಡಿನಲ್ಲಿ ತಡವರಿಸಿದ ಜಾಗ ಹೇಗೋ ಕಣ್ಣಿಗೆ ಬೀಳುತ್ತದೆ, ಯಂತ್ರದ ಕರಡಿನಲ್ಲಿ ಹಾಗಾಗದು. ಆದ್ದರಿಂದ ಅಲ್ಲಿ ಗುರುತು ಹಾಕುವ ಹೊಣೆ ಪೂರ್ತಿಯಾಗಿ ತಿದ್ದುವವರದೇ, ಯಂತ್ರದಿಂದ ಬಂದ ಸೆಗ್ಮೆಂಟುಗಳನ್ನು ಓದಿ ನೋಡದೆ ಒಟ್ಟಾಗಿ ದೃಢೀಕರಿಸುವ ಆಜ್ಞೆಯನ್ನು ಬಳಸಲೇಬಾರದು.

ಗುರುತುಗಳನ್ನು ತೀರಿಸುವುದಕ್ಕೂ ಒಂದು ಕ್ರಮವಿದೆ. ಕಡತದ ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೇ ನೋಡುತ್ತಾ ಹೋದರೆ ಒಬ್ಬರೇ ವರ್ತಕರಿಗೆ ಒಂದೇ ಬೆಳಿಗ್ಗೆ ಏಳು ಸಲ ಫೋನ್ ಮಾಡಬೇಕಾಗುತ್ತದೆ. ಟಿಪ್ಪಣಿಗಳನ್ನು ಫಿಲ್ಟರ್ ಮಾಡಿ, ಯಾರನ್ನು ಕೇಳಬೇಕೆಂಬುದರ ಮೇಲೆ ಗುಂಪು ಮಾಡಿಕೊಂಡು, ಒಂದು ಗುಂಪನ್ನು ಒಂದೇ ಕೂತಿನಲ್ಲಿ ಮುಗಿಸಬೇಕು. ಉತ್ತರ ಸಿಕ್ಕ ಮೇಲೆ ಗುರುತಿದ್ದ ಸೆಗ್ಮೆಂಟನ್ನು ತಿದ್ದಿದರೆ ಸಾಲದು. ಗುರುತಿಲ್ಲದೆ ಅದೇ ಪದ ಬಂದಿರುವ ಉಳಿದ ಸೆಗ್ಮೆಂಟುಗಳನ್ನೂ ಹುಡುಕಿ ತಿದ್ದಬೇಕು, ಹಳೆಯ ರೂಪ ಕಣ್ತಪ್ಪಿ ದೃಢೀಕರಣಗೊಂಡಿದ್ದರೆ ಭಂಡಾರದಲ್ಲಿಯೂ ತಿದ್ದಬೇಕು. ಪರಿಶೀಲಕರು ವರ್ಡ್ ಪ್ರತಿಯ ಮೇಲೆ ತಿದ್ದಿ ಕಳುಹಿಸಿದಾಗ ಈ ಕೊನೆಯ ಹೆಜ್ಜೆ ಬಹುತೇಕ ಯಾವಾಗಲೂ ತಪ್ಪಿಹೋಗುತ್ತದೆ: ಅಚ್ಚಾದ ಕೈಪಿಡಿಯಲ್ಲಿ ಸರಿಯಾದ ಪದವಿರುತ್ತದೆ, ಭಂಡಾರದಲ್ಲಿ ಹಳೆಯ ಊಹೆಯೇ ಉಳಿದಿರುತ್ತದೆ, ಮುಂದಿನ ವರ್ಷದ ಪರಿಷ್ಕೃತ ಆವೃತ್ತಿಗೆ ಅದು ನೂರರ ಹೊಂದಾಣಿಕೆಯಾಗಿ ಮತ್ತೆ ಬರುತ್ತದೆ.

ಕಳುಹಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು ಸಣ್ಣವು. ದೃಢೀಕರಣವಾಗದ ಸೆಗ್ಮೆಂಟುಗಳ ಸಂಖ್ಯೆ ಸೊನ್ನೆಯಾಗಿದೆಯೇ ಎಂದು ಫಿಲ್ಟರ್ ಹಾಕಿ ನೋಡಬೇಕು. ಒಳಗುರುತುಗಳನ್ನು ಬಳಸಿದ್ದರೆ ಅವನ್ನು ತಪ್ಪೆಂದು ಎತ್ತಿ ತೋರಿಸುವ ನಿಯಮವೊಂದನ್ನು ಗುಣಮಟ್ಟ ಪರೀಕ್ಷೆಯ ಭಾಗಕ್ಕೆ ಸೇರಿಸಿಡಬಹುದು, ಒಮ್ಮೆ ಸೇರಿಸಿ ಉಳಿಸಿಟ್ಟರೆ ಮುಂದಿನ ಯೋಜನೆಗಳಿಗೂ ಅದನ್ನು ಬಳಸಿಕೊಳ್ಳಬಹುದು. ಟಿಪ್ಪಣಿಗಳು ಸಿದ್ಧ ಕಡತದೊಳಗೆ ವರ್ಡ್ ಕಾಮೆಂಟುಗಳಾಗಿ ಹೋಗುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿ ಇರುವುದರಿಂದ ಅದು ಚಾಲೂ ಇದೆಯೋ ಇಲ್ಲವೋ ಎಂಬುದನ್ನೂ ಗಮನಿಸಬೇಕು; ಪರಿಶೀಲಕರಿಗೆಂದು ಸಲುಗೆಯಿಂದ ಬರೆದ ಮಾತು ಕೆಲಸ ಕೊಟ್ಟವರ ಕಣ್ಣಿಗೆ ಬಿದ್ದು ಮುಜುಗರವಾಗುವುದು ಹೀಗೆಯೇ. ಕೊನೆಯದಾಗಿ ಸಿದ್ಧವಾದ ಕಡತವನ್ನು ತಂತ್ರಾಂಶದಿಂದ ಹೊರಗೆ, ಓದುಗರು ಅದನ್ನು ನೋಡುವ ರೂಪದಲ್ಲೇ ತೆರೆದು, ಪುಟಪುಟವಾಗಿ ಕಣ್ಣಾಡಿಸಬೇಕು. ನನ್ನ ಆರನೆಯ ‘ನೋಡಬೇಕು’ ಹಾಗೆ ತೆರೆದು ನೋಡಿದ್ದರೆ ಸಿಕ್ಕುತ್ತಿತ್ತು.

ನಮ್ಮ ಅನುವಾದಕಿ ಮರುದಿನ ಬೆಳಿಗ್ಗೆ ತಿಪಟೂರಿಗೆ ಫೋನ್ ಮಾಡುತ್ತಾರೆ. ‘ಅದೇ ಮೇಡಂ, ಎಣ್ಣೆಗೆ ಹೋಗೋ ಕೊಬ್ಬರಿ’ ಎಂಬ ಉತ್ತರ ಬರುತ್ತದೆ. ಅವರು ಸೆಗ್ಮೆಂಟನ್ನು ತೆರೆದು ‘ಎಣ್ಣೆ ತೆಗೆಯುವ ಕೊಬ್ಬರಿ’ ಎಂದು ತಿದ್ದುತ್ತಾರೆ, ಉಳಿದ ಒಂಬತ್ತು ಕಡೆಗಳಲ್ಲೂ ತಿದ್ದುತ್ತಾರೆ, ಆಮೇಲಷ್ಟೇ ಕಂಟ್ರೋಲ್ ಎಂಟರ್ ಒತ್ತುತ್ತಾರೆ. ಟಿಪ್ಪಣಿಯನ್ನು ಅಳಿಸಿಹಾಕುವ ಮೊದಲು ಆ ಪದವನ್ನೂ, ಅದನ್ನು ಯಾರಲ್ಲಿ ಯಾವ ದಿನ ಕೇಳಿದ್ದೆಂಬುದನ್ನೂ ಪದಕೋಶದ ವಿವರಣೆಯ ಜಾಗಕ್ಕೆ ನಕಲು ಮಾಡಿಡುತ್ತಾರೆ.